ಹೆಸರು ಹಿಡಿದು ಕೇಳಿದವರು: ಸೋವಿಯತ್ ಯಹೂದಿ ಕೈದಿಗಳು ಮತ್ತು ದೇಶ ಬಿಡುವ ಹಕ್ಕು

(ಕಾನೂನು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಸೋವಿಯತ್ ಒಕ್ಕೂಟದ ಪ್ರತಿ ದೊಡ್ಡ ಊರಿನಲ್ಲೂ ಓವಿರ್ ಅಂತ ಒಂದು ಕಚೇರಿ ಇತ್ತು. ವೀಸಾ ಮತ್ತು ನೋಂದಣಿ ಕಚೇರಿ. ದೇಶ ಬಿಟ್ಟು ಹೋಗಬೇಕು ಅನ್ನುವವರು ಅಲ್ಲಿಗೆ ಅರ್ಜಿ ಹಾಕಬೇಕು. ಕೇಳಲು ಇಷ್ಟೇ. ಅರ್ಜಿಯ ಜೊತೆ ಏನೇನು ಲಗತ್ತಿಸಬೇಕಿತ್ತು ಅನ್ನುವುದನ್ನು ನೋಡಿದರೆ ಇಡೀ ಕಥೆ ಅರ್ಥವಾಗುತ್ತದೆ.

ಮೊದಲು ಇಸ್ರೇಲಿನಲ್ಲಿರುವ ಸಂಬಂಧಿಕರಿಂದ ಒಂದು ಆಹ್ವಾನ ಪತ್ರ ಬರಬೇಕು. ಅದು ಅಂಚೆಯಲ್ಲಿ ಬರಬೇಕು, ಅಂಚೆಯೋ ಸರ್ಕಾರದ ಕೈಯಲ್ಲಿ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆಮೇಲೆ ಕೆಲಸ ಮಾಡುವ ಕಡೆಯಿಂದ ಒಂದು ನಡತೆ ಪತ್ರ. ಅದನ್ನು ಕೇಳಿದ ದಿನವೇ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ: ಇವನು ಹೊರಟಿದ್ದಾನೆ. ಸಭೆ ಕರೆದು ಸಹೋದ್ಯೋಗಿಗಳ ಕೈಯಲ್ಲೇ ಬೈಸುತ್ತಿದ್ದರು. ಆಮೇಲೆ ಅಪ್ಪ ಅಮ್ಮನ ಒಪ್ಪಿಗೆ ಪತ್ರ. ಅರ್ಜಿದಾರನಿಗೆ ನಲವತ್ತು ವರ್ಷ ವಯಸ್ಸಾಗಿದ್ದರೂ ಅಪ್ಪ ಅಮ್ಮ ಬರೆದು ಕೊಡಬೇಕು. ವಿಚ್ಛೇದನ ಆಗಿದ್ದರೆ ಮಾಜಿ ಗಂಡ ಅಥವಾ ಹೆಂಡತಿಯ ಒಪ್ಪಿಗೆ. ನಾವು ಎನ್‌ಒಸಿ ಅನ್ನುತ್ತೇವಲ್ಲ, ಹಾಗೆ ಬದುಕಿನಲ್ಲಿ ಗುರುತಿದ್ದ ಎಲ್ಲರಿಂದಲೂ ಒಂದೊಂದು ಎನ್‌ಒಸಿ. ಇಷ್ಟೆಲ್ಲ ಆಗಿ ಅನುಮತಿ ಸಿಕ್ಕರೆ ಪೌರತ್ವ ಬಿಡಲು 500 ರೂಬಲ್, ವೀಸಾಕ್ಕೆ 400 ರೂಬಲ್ ಕಟ್ಟಬೇಕು. ಅಲ್ಲಿನ ಒಬ್ಬ ಸಾಧಾರಣ ಇಂಜಿನಿಯರಿಗೆ ಅದು ಆರು ತಿಂಗಳ ಸಂಬಳಕ್ಕಿಂತ ಜಾಸ್ತಿ.

ಅನುಮತಿ ಸಿಗದವರಿಗೆ ರೆಫ್ಯೂಸ್‌ನಿಕ್ ಎಂದು ಹೆಸರು ಬಿತ್ತು. ಅವರಲ್ಲಿ ಬಾಯಿ ಮುಚ್ಚಿಕೊಂಡು ಕೂರದವರು ಜೈಲಿಗೆ ಹೋದರು. ಇವತ್ತು ನಾನು ಹೇಳಲು ಹೊರಟಿರುವುದು ಈ ಜೈಲಿಗೆ ಹೋದವರ ಬಗ್ಗೆ, ಅದಕ್ಕಿಂತ ಜಾಸ್ತಿ ಅವರನ್ನು ಹೊರಗಿನಿಂದ ಬಿಡದೆ ವಿಚಾರಿಸಿಕೊಂಡವರ ಬಗ್ಗೆ.

ಯಾಕೆ ಹೊರಡಬೇಕಿತ್ತು ಅನ್ನುವ ಪ್ರಶ್ನೆ ಬರುತ್ತದೆ. 1970ರ ಜನಗಣತಿಯ ಪ್ರಕಾರ ಆ ದೇಶದಲ್ಲಿ ಸುಮಾರು 21 ಲಕ್ಷ ಯಹೂದಿಗಳಿದ್ದರು. ಆಂತರಿಕ ಪಾಸ್‌ಪೋರ್ಟಿನ ಐದನೆಯ ಸಾಲಿನಲ್ಲಿ ಜನಾಂಗ ಬರೆಯುತ್ತಿದ್ದರು. ರಷ್ಯನ್, ಉಕ್ರೇನಿಯನ್, ಯಹೂದಿ ಹೀಗೆ. ದೇವರನ್ನು ನಂಬದವನೂ ಯಹೂದಿಯೇ, ಹೀಬ್ರೂ ಒಂದಕ್ಷರ ಬಾರದವನೂ ಯಹೂದಿಯೇ. ಆದರೆ ಯಹೂದಿಯಾಗಿ ಬದುಕಲು ಅಲ್ಲಿ ಏನೂ ಉಳಿದಿರಲಿಲ್ಲ. ಹೀಬ್ರೂ ಕಲಿಸುವುದನ್ನು ಸರ್ಕಾರ ಅಪರಾಧದಂತೆ ನೋಡುತ್ತಿತ್ತು. ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳನ್ನು ಒಂದೊಂದಾಗಿ ಮುಚ್ಚಿಸಿದ್ದರು. ಅಂದರೆ ಗುರುತಿನ ಭಾರ ಮಾತ್ರ ಉಂಟು, ಗುರುತಿನ ಸುಖ ಇಲ್ಲ.

ನಮ್ಮಲ್ಲಿ ಮಾಸ್ಕೋದ ಮಿರ್ ಪ್ರಕಾಶನದ ಗಣಿತ, ಭೌತಶಾಸ್ತ್ರದ ಪುಸ್ತಕ ಓದಿ ಎಂಟ್ರೆನ್ಸ್ ಬರೆದ ಒಂದು ತಲೆಮಾರೇ ಇದೆ. ನವಕರ್ನಾಟಕದ ಮಳಿಗೆಯಲ್ಲಿ ಅಗ್ಗದ ಬೆಲೆಗೆ ಸಿಗುತ್ತಿದ್ದವು. ಆ ಗಣಿತದ ಹಿರಿಮೆ ಸುಳ್ಳಲ್ಲ. ಆದರೆ ಅದೇ ಕಾಲದಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಗಣಿತ ವಿಭಾಗದ ಪ್ರವೇಶ ಪರೀಕ್ಷೆಯಲ್ಲಿ ಯಹೂದಿ ಹುಡುಗರಿಗೆ ಬೇರೆಯೇ ಲೆಕ್ಕಗಳನ್ನು ಕೊಡುತ್ತಿದ್ದರು. ಉತ್ತರ ನೋಡಿದರೆ ಚಿಕ್ಕದು, ಹುಡುಕಲು ಹೋದರೆ ಇಡೀ ದಿನ ಬೇಕು. ಮೌಖಿಕ ಪರೀಕ್ಷೆಯಲ್ಲಿ ಕೊಟ್ಟು, ಸ್ವಲ್ಪ ಹೊತ್ತು ಕಾದು, ಫೇಲ್ ಅಂತ ಬರೆದು ಕಳಿಸುವುದು. ಆ ಲೆಕ್ಕಗಳಿಗೆ ಶವಪೆಟ್ಟಿಗೆಗಳು ಎಂಬ ಅಡ್ಡಹೆಸರೇ ಇತ್ತು. ಅವುಗಳನ್ನು ಸಂಗ್ರಹಿಸಿ ಇಟ್ಟವರಿದ್ದಾರೆ, ಇವತ್ತು ನೀವೂ ಬಿಡಿಸಿ ನೋಡಬಹುದು.

1967ರ ಜೂನ್‌ನಲ್ಲಿ ಇಸ್ರೇಲಿಗೂ ಅರಬ್ ದೇಶಗಳಿಗೂ ಆರು ದಿನಗಳ ಯುದ್ಧ ನಡೆಯಿತು. ಮಾಸ್ಕೋ ಇಸ್ರೇಲಿನ ಜೊತೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು. ಪತ್ರಿಕೆಗಳಲ್ಲಿ ದಿನವೂ ಬೈಗುಳ. ಅದನ್ನೆಲ್ಲ ಓದಿದ ಎಷ್ಟೋ ಯುವಕರಿಗೆ, ಇಷ್ಟು ಬೈಯುತ್ತಿದ್ದಾರೆ ಅಂದರೆ ನಾವು ಯಾರೋ ಇರಬೇಕು ಅನ್ನಿಸಿತು. ಇದಕ್ಕೆ ಆರು ತಿಂಗಳು ಮುಂಚೆ ಇನ್ನೊಂದು ಸಂಗತಿ ನಡೆದಿತ್ತು. ಸೋವಿಯತ್ ಪ್ರಧಾನಿ ಕೊಸಿಗಿನ್ ಪ್ಯಾರಿಸ್‌ಗೆ ಹೋದಾಗ ಪತ್ರಕರ್ತರು ಕೇಳಿದ್ದಕ್ಕೆ, ಕುಟುಂಬ ಸೇರಲು ಹೋಗುವವರಿಗೆ ದಾರಿ ತೆರೆದಿದೆ ಎಂಬ ಅರ್ಥದ ಉತ್ತರ ಕೊಟ್ಟರು. ಸುಮ್ನೆ ಹೊರಗಿನವರ ಬಾಯಿ ಮುಚ್ಚಿಸಲು ಹೇಳಿದ ಮಾತು. ಅದು ಸೋವಿಯತ್ ಪತ್ರಿಕೆಯಲ್ಲೂ ಅಚ್ಚಾಯಿತು. ಹೊರಡಬೇಕು ಅಂತಿದ್ದವರು ಅದನ್ನೇ ಹಿಡಿದುಕೊಂಡರು.

ಈ ಚಳವಳಿಯ ಸ್ವಭಾವವನ್ನು ನಾನು ಇಲ್ಲೇ ಗುರುತಿಸುತ್ತೇನೆ. ಇವರು ಸರ್ಕಾರ ಉರುಳಿಸಲು ಹೊರಟವರಲ್ಲ. ನೀವೇ ಬರೆದಿದ್ದೀರಿ, ನೀವೇ ಸಹಿ ಹಾಕಿದ್ದೀರಿ, ಅದರಂತೆ ನಡೆಯಿರಿ ಅಂದರು. 1969ರ ಆಗಸ್ಟ್‌ನಲ್ಲಿ ಜಾರ್ಜಿಯಾದ 18 ಯಹೂದಿ ಕುಟುಂಬಗಳು ವಿಶ್ವಸಂಸ್ಥೆಗೆ ಪತ್ರ ಬರೆದವು. ಇಸ್ರೇಲಿಗೆ ಹೋಗಲು ಬಿಡಿ ಅಂತ. ಪತ್ರದ ಕೆಳಗೆ ಹೆಸರುಗಳಿದ್ದವು. ಸ್ಟಾಲಿನ್ ಸತ್ತು ಹದಿನಾರು ವರ್ಷವಷ್ಟೇ ಆಗಿತ್ತು, ಹೆಸರು ಬರೆಯುವುದು ಅಂದರೆ ಏನು ಅಂತ ಅವರಿಗೆ ಗೊತ್ತಿರಲಿಲ್ಲವೇ? ಆ ವರ್ಷದ ನವೆಂಬರ್‌ನಲ್ಲಿ ಪ್ರಧಾನಿ ಗೋಲ್ಡಾ ಮೆಯಿರ್ ಅದನ್ನು ಇಸ್ರೇಲ್ ಸಂಸತ್ತಿನಲ್ಲಿ ಓದಿದರು.

ಇನ್ನು 1970ರ ಜೂನ್ 15. ಲೆನಿನ್‌ಗ್ರಾಡ್ ಪಕ್ಕದ ಸ್ಮೋಲ್ನಿ ಎಂಬ ಚಿಕ್ಕ ವಿಮಾನ ನಿಲ್ದಾಣ. ಪ್ರಿಯೊಜೆರ್ಸ್ಕ್‌ಗೆ ಹೋಗುವ 12 ಸೀಟಿನ ವಿಮಾನದ ಎಲ್ಲ ಟಿಕೆಟ್‌ಗಳನ್ನೂ ಒಂದೇ ಗುಂಪು ಕೊಂಡಿತ್ತು. ಮದುವೆಗೆ ಹೋಗುವವರು ಅಂತ ನೆಪ. ನಿಜವಾದ ಯೋಜನೆ ಬೇರೆ. ದಾರಿಯಲ್ಲಿ ಪೈಲಟ್‌ಗಳನ್ನು ಕಟ್ಟಿ ಇಳಿಸಿ, ವಿಮಾನವನ್ನು ಸ್ವೀಡನ್‌ಗೆ ಹಾರಿಸಿಕೊಂಡು ಹೋಗುವುದು. ಓಡಿಸಲು ಮಾರ್ಕ್ ದಿಮ್‌ಶಿಟ್ಸ್ ಇದ್ದ, ಹಿಂದೆ ಪೈಲಟ್ ಆಗಿದ್ದವನು. ಜೊತೆಗೆ ಎಡ್ವರ್ಡ್ ಕುಜ್ನೆಟ್ಸೊವ್, ಅವನ ಹೆಂಡತಿ ಸಿಲ್ವಾ ಜಲ್ಮನ್‌ಸನ್, ಯೋಸೆಫ್ ಮೆಂಡೆಲೆವಿಚ್ ಮೊದಲಾದವರು. ಸೋವಿಯತ್ ಗುಪ್ತ ಪೊಲೀಸ್ ಕೆಜಿಬಿಗೆ ಮುಂಚೆಯೇ ಗೊತ್ತಿತ್ತು. ವಿಮಾನ ಹತ್ತುವ ಮೊದಲೇ ಹಿಡಿದರು.

ವಿಮಾನ ಅಪಹರಣದ ಯತ್ನವನ್ನು ನಾನು ಸಮರ್ಥಿಸುವುದಿಲ್ಲ. ಇವರ ಪರ ನಿಂತವರಲ್ಲೂ ಎಷ್ಟೋ ಜನ ಈ ವಿಷಯದಲ್ಲಿ ಮುಜುಗರಪಟ್ಟರು. ಆದರೆ ನ್ಯಾಯಾಲಯ ಮಾಡಿದ್ದೇನು ನೋಡಿ. ಹಾರದ ವಿಮಾನಕ್ಕೆ, ಯಾರಿಗೂ ಗಾಯವಾಗದ ಪ್ರಕರಣಕ್ಕೆ 1970ರ ಡಿಸೆಂಬರ್ 24ರಂದು ದಿಮ್‌ಶಿಟ್ಸ್, ಕುಜ್ನೆಟ್ಸೊವ್ ಇಬ್ಬರಿಗೂ ಮರಣದಂಡನೆ ಕೊಟ್ಟಿತು. ಸಿಲ್ವಾಗೆ ಹತ್ತು ವರ್ಷ. ಜೆರುಸಲೇಮೇ, ನಿನ್ನನ್ನು ಮರೆತರೆ ನನ್ನ ಬಲಗೈ ಮರಗಟ್ಟಲಿ ಅನ್ನುವ ಬೈಬಲಿನ ಹಳೆಯ ಕೀರ್ತನೆಯ ಸಾಲನ್ನು ಆಕೆ ಕೋರ್ಟಿನಲ್ಲೇ ಹೇಳಿದಳು.

ಅದೇ ವಾರ ಸ್ಪೇನಿನಲ್ಲಿ ಸರ್ವಾಧಿಕಾರಿ ಫ್ರಾಂಕೋನ ಮಿಲಿಟರಿ ಕೋರ್ಟು ಬಾಸ್ಕ್ ಹೋರಾಟಗಾರರಿಗೆ ಮರಣದಂಡನೆ ಕೊಟ್ಟಿತ್ತು. ಪ್ರಪಂಚದ ಎಡಪಕ್ಷಗಳೆಲ್ಲ ಅದರ ವಿರುದ್ಧ ಕೂಗುತ್ತಿದ್ದವು. ಡಿಸೆಂಬರ್ 30ಕ್ಕೆ ಫ್ರಾಂಕೋ ಆ ಶಿಕ್ಷೆಗಳನ್ನು ಕಡಿಮೆ ಮಾಡಿದ. ಒಬ್ಬ ಫ್ಯಾಸಿಸ್ಟ್ ಕ್ಷಮೆ ತೋರಿಸಿದ ಮೇಲೆ ಮಾಸ್ಕೋ ಗಲ್ಲಿಗೇರಿಸಿದರೆ ಮುಖ ಎಲ್ಲಿಡುವುದು? ಮಾರನೆಯ ದಿನವೇ ಇಬ್ಬರ ಮರಣದಂಡನೆ 15 ವರ್ಷದ ಶಿಕ್ಷೆಯಾಗಿ ಬದಲಾಯಿತು. ಸಾಮಾನ್ಯವಾಗಿ ಮೇಲ್ಮನವಿ ಅಂದರೆ ತಿಂಗಳುಗಟ್ಟಲೆ ಎಳೆಯುತ್ತದೆ. ಇಲ್ಲಿ ಒಂದೇ ವಾರ. ಮರ್ಯಾದೆಯ ಪ್ರಶ್ನೆ ಬಂದಾಗ ಫೈಲು ಎಷ್ಟು ಬೇಗ ಓಡುತ್ತದೆ ಅಲ್ವಾ!

ಈ ಮೊಕದ್ದಮೆ ಆದಮೇಲೆ ಸರ್ಕಾರ ಎರಡು ಕೆಲಸ ಮಾಡಿತು. ರಿಗಾ, ಕಿಷಿನೆವ್, ಲೆನಿನ್‌ಗ್ರಾಡ್‌ಗಳಲ್ಲಿ ಇನ್ನಷ್ಟು ಜನರನ್ನು ಹಿಡಿದು ಶಿಕ್ಷೆ ಕೊಟ್ಟಿತು. ಅದೇ ಹೊತ್ತಿಗೆ ಬಾಗಿಲನ್ನೂ ಸ್ವಲ್ಪ ತೆರೆಯಿತು. 1971ರಲ್ಲಿ ಸುಮಾರು 13,000 ಜನ ಹೊರಟರು, 1972ರಲ್ಲಿ 30,000 ದಾಟಿತು. ಗಲಾಟೆ ಮಾಡುವವರನ್ನು ಕಳಿಸಿಬಿಟ್ಟರೆ ಗಲಾಟೆ ನಿಲ್ಲುತ್ತದೆ ಅಂತ ಲೆಕ್ಕ ಹಾಕಿರಬೇಕು. ಆದದ್ದು ಉಲ್ಟಾ. ಹೋದವರನ್ನು ನೋಡಿ ಇನ್ನಷ್ಟು ಜನ ಅರ್ಜಿ ಹಾಕಿದರು. ಆಗ ನಿರಾಕರಣೆಯೂ ಹೆಚ್ಚಿತು.

ನಿರಾಕರಣೆಗೆ ಮೆಚ್ಚಿನ ಕಾರಣ ರಾಜ್ಯ ರಹಸ್ಯ. ನೀವು ರಹಸ್ಯ ಇರುವ ಜಾಗದಲ್ಲಿ ಕೆಲಸ ಮಾಡಿದ್ದೀರಿ, ಬಿಡುವುದಿಲ್ಲ. ಎಷ್ಟು ವರ್ಷ? ಹೇಳುವುದಿಲ್ಲ. ಯಾವ ರಹಸ್ಯ? ಅದೂ ರಹಸ್ಯ. ಅರ್ಜಿ ಹಾಕಿದ ತಪ್ಪಿಗೆ ಕೆಲಸ ಹೋಗುತ್ತದೆ. ಕೆಲಸವಿಲ್ಲದೆ ಇರುವುದು ಆ ದೇಶದಲ್ಲಿ ಅಪರಾಧ, ಪರಾವಲಂಬಿ ಅಂತ ಕೇಸು ಹಾಕುತ್ತಾರೆ. ಹಾಗಾಗಿ ಭೌತವಿಜ್ಞಾನಿಗಳು ಲಿಫ್ಟ್ ನೋಡಿಕೊಳ್ಳುವ, ಬಾಯ್ಲರ್ ಕಾಯುವ ಕೆಲಸ ಹಿಡಿದರು. ಮಗನಿಗೆ ಹದಿನೆಂಟು ತುಂಬಿದರೆ ಸೇನೆಗೆ ಕರೆ ಬರುತ್ತದೆ. ಸೇನೆಗೆ ಹೋಗಿ ಬಂದರೆ ಅವನೂ ರಹಸ್ಯ ಬಲ್ಲವನು. ಹೋಗದಿದ್ದರೆ ಜೈಲು. ಕೆಲಸ ಕಳೆದುಕೊಂಡ ವಿಜ್ಞಾನಿಗಳು ಮಾಸ್ಕೋದ ಮನೆಗಳಲ್ಲಿ ಭಾನುವಾರ ಭಾನುವಾರ ಸೆಮಿನಾರ್ ನಡೆಸಿದರು. ವೊರೊನೆಲ್, ಅಜ್ಬೆಲ್, ಲರ್ನರ್ ಮೊದಲಾದವರು. ಹೊರದೇಶದ ವಿಜ್ಞಾನಿಗಳು ಮಾಸ್ಕೋಗೆ ಸಮ್ಮೇಳನಕ್ಕೆ ಬಂದರೆ ಬಿಡುವು ಮಾಡಿಕೊಂಡು ಆ ಫ್ಲ್ಯಾಟ್‌ಗೂ ಹೋಗಿ ಒಂದು ಉಪನ್ಯಾಸ ಕೊಟ್ಟು ಬರುತ್ತಿದ್ದರು. ಮುಂದೆ ಸೆಮಿನಾರ್ ನೋಡಿಕೊಳ್ಳುತ್ತಿದ್ದ ವಿಕ್ಟರ್ ಬ್ರೈಲೊವ್‌ಸ್ಕಿಯನ್ನು 1980ರಲ್ಲಿ ಬಂಧಿಸಿದರು.

ಈಗ ಹೊರಗಿದ್ದವರ ಕಡೆ ಬರೋಣ. ಅಮೆರಿಕದಲ್ಲಿ ಇದು ದೊಡ್ಡ ಸಂಸ್ಥೆಗಳಿಂದ ಶುರುವಾಗಲಿಲ್ಲ. ಕ್ಲೀವ್‌ಲ್ಯಾಂಡ್‌ನಲ್ಲಿ 1963ರಲ್ಲಿ ಒಂದು ಸಣ್ಣ ಗುಂಪು ಹುಟ್ಟಿತು. ಅದರಲ್ಲಿದ್ದ ಲೂ ರೋಸೆನ್‌ಬ್ಲಮ್ ನಾಸಾದ ವಿಜ್ಞಾನಿ. ನ್ಯೂಯಾರ್ಕ್‌ನಲ್ಲಿ 1964ರ ಏಪ್ರಿಲ್‌ನಲ್ಲಿ ಜೇಕಬ್ ಬರ್ನ್‌ಬಾಮ್ ವಿದ್ಯಾರ್ಥಿಗಳನ್ನು ಕೂಡಿಸಿದ. ಮೇ 1ರಂದು, ಅಂದರೆ ಸೋವಿಯತ್ತಿನ ಹಬ್ಬದ ದಿನವೇ, ವಿಶ್ವಸಂಸ್ಥೆಯ ಸೋವಿಯತ್ ಕಚೇರಿಯ ಎದುರು ಸುಮಾರು ಸಾವಿರ ವಿದ್ಯಾರ್ಥಿಗಳು ನಿಂತರು. ಯಹೂದಿ ಸಮುದಾಯದ ಹಿರಿಯರಿಗೆ ಇದು ಇಷ್ಟವಾಗಲಿಲ್ಲ. ಗದ್ದಲ ಮಾಡಿದರೆ ಅಲ್ಲಿರುವವರಿಗೇ ತೊಂದರೆ, ಒಳಗೊಳಗೇ ಮಾತಾಡಿ ಸರಿಮಾಡೋಣ ಅನ್ನುವುದು ಅವರ ವಾದ. ಈ ಜಗಳ ಮುಂದೆ ಇಪ್ಪತ್ತು ವರ್ಷ ನಡೆಯಿತು. ನನ್ನ ಅಭಿಪ್ರಾಯ ಕೇಳಿದರೆ, ಮೆಲ್ಲಗೆ ಮಾತಾಡುವವರಿಗೆ ಬೆಲೆ ಬಂದದ್ದೇ ಹೊರಗೆ ಜೋರಾಗಿ ಕೂಗುವವರು ಇದ್ದುದರಿಂದ.

ಲಂಡನ್ನಿನ ಗುಂಪು ನನಗೆ ಹೆಚ್ಚು ಇಷ್ಟ. 1970ರ ಡಿಸೆಂಬರ್‌ನಲ್ಲಿ ಒಡೆಸ್ಸಾದ ಗ್ರಂಥಪಾಲಕಿ ರೈಜಾ ಪಲಾಟ್ನಿಕ್‌ಳನ್ನು ಬಂಧಿಸಿದರು. ಆಕೆಯ ವಯಸ್ಸು ಸುಮಾರು 35. 1971ರಲ್ಲಿ ಲಂಡನ್ನಿನಲ್ಲಿ ಹೆಚ್ಚುಕಡಿಮೆ ಅದೇ ವಯಸ್ಸಿನ ಹೆಂಗಸರು ಕಪ್ಪು ಬಟ್ಟೆ ತೊಟ್ಟು ಸೋವಿಯತ್ ಕಚೇರಿಯ ಮುಂದೆ ಉಪವಾಸ ಕೂತರು. ಹಾಗಾಗಿ ಅವರ ಗುಂಪಿಗೆ ಮೂವತ್ತೈದರವರು ಅಂತಲೇ ಹೆಸರು ನಿಂತಿತು. ಮನೆ, ಮಕ್ಕಳು, ಅಡುಗೆ ಇದ್ದ ಗೃಹಿಣಿಯರು. ಸೋವಿಯತ್ ಬ್ಯಾಲೆ ಬಂದರೆ ಥಿಯೇಟರ್ ಮುಂದೆ ಹಾಜರು, ಮಂತ್ರಿ ಬಂದರೆ ವಿಮಾನ ನಿಲ್ದಾಣದಲ್ಲಿ ಹಾಜರು. ಪ್ರತಿ ಸಲವೂ ಒಬ್ಬ ಕೈದಿಯ ಹೆಸರು, ಒಬ್ಬ ಕೈದಿಯ ಫೋಟೋ. ಸಾಮಾನ್ಯವಾಗಿ ಯಹೂದಿಗಳಿಗೆ ಸ್ವಾತಂತ್ರ್ಯ ಕೊಡಿ ಅನ್ನುವುದಕ್ಕಿಂತ, ಇಂಥ ಕ್ಯಾಂಪಿನಲ್ಲಿರುವ ಇಂಥವರಿಗೆ ಹಲ್ಲುನೋವಿದೆ, ಡಾಕ್ಟರಿಗೆ ತೋರಿಸಿದ್ದೀರಾ ಅಂತ ಕೇಳುವುದು ಅಧಿಕಾರಿಗೆ ಜಾಸ್ತಿ ಕಿರಿಕಿರಿ. ಮೊದಲನೆಯದಕ್ಕೆ ಭಾಷಣದಲ್ಲೇ ಉತ್ತರ ಕೊಡಬಹುದು. ಎರಡನೆಯದಕ್ಕೆ ಫೈಲು ತೆಗೆದು ನೋಡಬೇಕು.

ಅದೇ ಲಂಡನ್ನಿನಲ್ಲಿ ಮೈಕಲ್ ಶೆರ್ಬೋರ್ನ್ ಎಂಬ ಮೇಷ್ಟ್ರು ಇದ್ದರು. ರಷ್ಯನ್ ಬಲ್ಲವರು. ಮನೆಯ ಫೋನಿನಿಂದ ಮಾಸ್ಕೋಗೆ ಟ್ರಂಕ್ ಕಾಲ್ ಮಾಡಿ ರೆಫ್ಯೂಸ್‌ನಿಕ್‌ಗಳ ಜೊತೆ ಮಾತಾಡುವುದು, ಅದನ್ನು ರೆಕಾರ್ಡ್ ಮಾಡುವುದು, ಇಂಗ್ಲಿಷಿಗೆ ಇಳಿಸಿ ಪತ್ರಿಕೆಗಳಿಗೂ ಸಂಸದರಿಗೂ ಕಳಿಸುವುದು. ಯಾರ ಮನೆ ಶೋಧಿಸಿದರು, ಯಾರನ್ನು ಕರೆದೊಯ್ದರು, ಯಾರ ವಿಚಾರಣೆ ಯಾವತ್ತು, ಎಲ್ಲ ಹೀಗೆ ಹೊರಬಿತ್ತು. ಕೆಜಿಬಿ ಫೋನ್ ಲೈನ್ ಕತ್ತರಿಸುತ್ತಿತ್ತು. ಆಮೇಲೆ ರೆಫ್ಯೂಸ್‌ನಿಕ್‌ಗಳು ಕೇಂದ್ರ ಅಂಚೆ ಕಚೇರಿಗೆ ಹೋಗಿ ಅಲ್ಲಿಂದ ಮಾತಾಡುತ್ತಿದ್ದರು.

ಅಮೆರಿಕದ ಶಾಲಾ ಮಕ್ಕಳು ಕೈದಿಯ ಹೆಸರು ಕೆತ್ತಿದ ಲೋಹದ ಕೈಬಳೆ ಹಾಕಿಕೊಳ್ಳುತ್ತಿದ್ದರು. ಹದಿಮೂರು ತುಂಬಿದ ಮಕ್ಕಳ ಧಾರ್ಮಿಕ ಸಮಾರಂಭದಲ್ಲಿ, ಅದನ್ನು ಮಾಡಿಕೊಳ್ಳಲಾಗದ ಸೋವಿಯತ್ ಮಗುವಿನ ಹೆಸರನ್ನೂ ಜೊತೆಗೆ ಕರೆಯುತ್ತಿದ್ದರು. ಪ್ರವಾಸಿಗಳಂತೆ ಮಾಸ್ಕೋಗೆ ಹೋದವರು ಸೂಟ್‌ಕೇಸಿನಲ್ಲಿ ಹೀಬ್ರೂ ಪುಸ್ತಕ, ಔಷಧ, ಮಾರಿ ದುಡ್ಡು ಮಾಡಿಕೊಳ್ಳಬಹುದಾದ ಜೀನ್ಸ್, ಕ್ಯಾಮೆರಾ ಒಯ್ಯುತ್ತಿದ್ದರು. ವಿಳಾಸಗಳನ್ನು ಬರೆದುಕೊಂಡರೆ ಕಸ್ಟಮ್ಸ್‌ನವರು ಹಿಡಿಯುತ್ತಾರೆ, ಹಾಗಾಗಿ ಬಾಯಿಪಾಠ. ಜೈಲಿಗೆ ಪತ್ರ ಬರೆಯುವವರು ರಿಜಿಸ್ಟರ್ಡ್ ಪೋಸ್ಟಿನಲ್ಲಿ, ಅಕ್ನಾಲೆಜ್‌ಮೆಂಟ್ ಸಹಿತ ಕಳಿಸುತ್ತಿದ್ದರು. ಪತ್ರ ಕೈದಿಗೆ ತಲುಪುವ ಭರವಸೆ ಅವರಿಗೂ ಇರಲಿಲ್ಲ. ಆದರೆ ಜೈಲಿನ ಕಚೇರಿಗಂತೂ ತಲುಪುತ್ತದೆ. ಈ ಮನುಷ್ಯನನ್ನು ಹೊರಗೆ ಯಾರೋ ಲೆಕ್ಕ ಇಟ್ಟಿದ್ದಾರೆ ಅಂತ ವಾರ್ಡನ್‌ಗೆ ಗೊತ್ತಾದರೆ ಅಷ್ಟರಮಟ್ಟಿಗೆ ಅವನ ಕೈ ಹಿಡಿತದಲ್ಲಿರುತ್ತದೆ.

ಒಳಗಿದ್ದುಕೊಂಡೇ ಈ ಕೆಲಸ ಮಾಡಿದ ಒಬ್ಬ ಹೆಂಗಸಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಡಾ ನುಡೆಲ್. ಹುಟ್ಟಿದ್ದು 1931. ಅರ್ಥಶಾಸ್ತ್ರ ಓದಿ ಮಾಸ್ಕೋದಲ್ಲಿ ಕೆಲಸದಲ್ಲಿದ್ದಳು. ತಂಗಿ ಎಲೆನಾಳ ಸಂಸಾರಕ್ಕೆ 1972ರಲ್ಲಿ ಅನುಮತಿ ಸಿಕ್ಕಿತು, ಅವರು ಹೊರಟರು. ಇಡಾಗೆ ಸಿಗಲಿಲ್ಲ. ಕಾರಣ, ಮತ್ತದೇ ರಹಸ್ಯ. ಒಂಟಿ ಹೆಂಗಸು, ಕೆಲಸ ಹೋಗಿದೆ, ತಂಗಿ ದೂರ. ಆಕೆ ಲೇಬರ್ ಕ್ಯಾಂಪುಗಳಲ್ಲಿದ್ದ ಯಹೂದಿ ಕೈದಿಗಳ ಜವಾಬ್ದಾರಿ ತೆಗೆದುಕೊಂಡಳು. ಯಾರೂ ವಹಿಸಿದ್ದಲ್ಲ. ಎಲ್ಲರಿಗೂ ಕಾಗದ ಬರೆಯುವುದು, ಎಷ್ಟು ತೂಕದ ಪಾರ್ಸೆಲ್‌ಗೆ ಯಾವಾಗ ಅವಕಾಶವಿದೆ ಅಂತ ಜೈಲಿನ ನಿಯಮ ಓದಿ ಅಷ್ಟನ್ನೂ ಕಳಿಸುವುದು. ಉತ್ತರ ಬರದಿದ್ದರೆ ಕ್ಯಾಂಪಿನ ಮುಖ್ಯಸ್ಥನಿಗೆ ದೂರು, ಅದಕ್ಕೂ ಉತ್ತರವಿಲ್ಲದಿದ್ದರೆ ಸರ್ಕಾರಿ ವಕೀಲನಿಗೆ ದೂರು. ಒಬ್ಬ ಕೈದಿಗೆ ಕಾಯಿಲೆ ಅಂತ ತಿಳಿದರೆ ಅದು ಲಂಡನ್ನಿಗೆ ಫೋನಿನಲ್ಲಿ ಹೋಗುತ್ತದೆ, ಅಲ್ಲಿಂದ ಮಾಸ್ಕೋದ ಮಂತ್ರಾಲಯಕ್ಕೆ ನೂರಾರು ಪತ್ರ ವಾಪಸು ಬರುತ್ತವೆ. ಕೈದಿಗಳು ಆಕೆಯನ್ನು ಕಾವಲು ದೇವತೆ ಅನ್ನುತ್ತಿದ್ದರು. ಅವರಲ್ಲಿ ಎಷ್ಟೋ ಜನರ ಮುಖವನ್ನೇ ಆಕೆ ನೋಡಿರಲಿಲ್ಲ.

1978ರ ಜೂನ್‌ನಲ್ಲಿ ಇಡಾ ತನ್ನ ಫ್ಲ್ಯಾಟಿನ ಬಾಲ್ಕನಿಗೆ ಒಂದು ಬ್ಯಾನರ್ ಕಟ್ಟಿದಳು: ಕೆಜಿಬಿ, ನನ್ನ ವೀಸಾ ಕೊಡು. ಅಷ್ಟೇ. ಗೂಂಡಾಗಿರಿ ಅಂತ ಕೇಸಾಯಿತು. ನಾಲ್ಕು ವರ್ಷ ಸೈಬೀರಿಯಾದ ಕ್ರಿವೊಶೈನೊಗೆ ಗಡಿಪಾರು. ಅಲ್ಲಿ ಗಂಡಸರೇ ತುಂಬಿದ್ದ ಬ್ಯಾರಕ್ಕಿನಲ್ಲಿ ಒಬ್ಬಳೇ ಹೆಂಗಸಾಗಿ ಇರಬೇಕಾಯಿತು. ಹೊರದೇಶದಿಂದ ಕಾಗದಗಳು ಅಲ್ಲಿಗೂ ಬಂದವು. ಬೇರೆಯವರಿಗೆ ತಾನು ಮಾಡಿದ್ದನ್ನು ಈಗ ಬೇರೆಯವರು ತನಗೆ ಮಾಡುತ್ತಿದ್ದರು. ಶಿಕ್ಷೆ ಮುಗಿದ ಮೇಲೂ ಮಾಸ್ಕೋದಲ್ಲಿರಲು ಬಿಡಲಿಲ್ಲ, ಮೊಲ್ಡೋವಾದ ಬೆಂದೆರಿಯಲ್ಲಿ ನೆಲೆಸಿದಳು. ಹೊರಡಲು ಬಿಟ್ಟದ್ದು 1987ರ ಅಕ್ಟೋಬರ್‌ನಲ್ಲಿ. ತಂಗಿಯನ್ನು ನೋಡದೆ ಹದಿನೈದು ವರ್ಷ ಆಗಿತ್ತು. ಅದೇ 1978ರ ಜೂನ್‌ನಲ್ಲಿ ಗೋರ್ಕಿ ಬೀದಿಯ ಬಾಲ್ಕನಿಯಲ್ಲಿ, ಮಗನ ಹತ್ತಿರ ಹೋಗಲು ಬಿಡಿ ಅಂತ ಬ್ಯಾನರ್ ಕಟ್ಟಿದ ವ್ಲಾದಿಮಿರ್ ಸ್ಲೆಪಾಕ್‌ಗೂ ಗಡಿಪಾರಾಯಿತು. ಅವರು ಅರ್ಜಿ ಹಾಕಿದ್ದು 1970ರಲ್ಲಿ, ಹೊರಟಿದ್ದು 1987ರಲ್ಲಿ.

ಅನಾತೊಲಿ ಶರಾನ್‌ಸ್ಕಿಯ ಹೆಸರು ನಿಮ್ಮಲ್ಲಿ ಕೆಲವರು ಕೇಳಿರುತ್ತೀರಿ. ದೊನೆತ್ಸ್ಕ್‌ನ ಹುಡುಗ, ಚೆಸ್ಸಿನಲ್ಲಿ ಗಟ್ಟಿಗ, ಗಣಿತ ಓದಿದವನು. 1973ರಲ್ಲಿ ಅರ್ಜಿ, ನಿರಾಕರಣೆ. 1974ರ ಜುಲೈ 4ರಂದು ಅವಿತಾಲ್ ಜೊತೆ ಮದುವೆ. ಅವಳ ವೀಸಾ ಮಾರನೆಯ ದಿನಕ್ಕೆ ಮುಗಿಯುತ್ತಿತ್ತು, ಅವಳು ಹೊರಟಳು. ಸದ್ಯದಲ್ಲೇ ಬರುತ್ತೇನೆ ಅಂದುಕೊಂಡಿದ್ದ ಇವನು. ಆಗ ಬಂಡಾಯಗಾರರಲ್ಲಿ ಎರಡು ಬಣ ಇದ್ದವು. ನಮಗೆ ಈ ದೇಶ ಬಿಟ್ಟರೆ ಸಾಕು, ಇದನ್ನು ಸುಧಾರಿಸುವುದು ನಮ್ಮ ಕೆಲಸವಲ್ಲ ಅನ್ನುವವರು ಒಂದು ಕಡೆ. ಭೌತವಿಜ್ಞಾನಿಗಳಾದ ಸಖರೊವ್, ಯೂರಿ ಒರ್ಲೊವ್ ಥರ ಇಲ್ಲೇ ಇದ್ದು ಹಕ್ಕು ಕೇಳುವವರು ಇನ್ನೊಂದು ಕಡೆ. ಶರಾನ್‌ಸ್ಕಿ ಎರಡೂ ಕಡೆ ಓಡಾಡಿದ. ಸಖರೊವ್ ವಿದೇಶಿ ಪತ್ರಕರ್ತರ ಜೊತೆ ಮಾತಾಡುವಾಗ ಇಂಗ್ಲಿಷಿಗೆ ಅನುವಾದ ಮಾಡುತ್ತಿದ್ದವನು ಇವನೇ. 1975ರ ಹೆಲ್ಸಿಂಕಿ ಒಪ್ಪಂದಕ್ಕೆ ಮಾಸ್ಕೋ ಸಹಿ ಹಾಕಿತ್ತು. ಅದರಲ್ಲಿ ಮಾನವ ಹಕ್ಕಿನ ಮಾತೂ ಇತ್ತು. ಆ ಮಾತು ಪಾಲನೆಯಾಗುತ್ತಿದೆಯೇ ಅಂತ ನೋಡಲು 1976ರ ಮೇನಲ್ಲಿ ಒರ್ಲೊವ್ ಗುಂಪು ಕಟ್ಟಿದಾಗ ಇವನೂ ಸೇರಿದ.

1977ರ ಮಾರ್ಚ್‌ನಲ್ಲಿ ಇಜ್ವೆಸ್ತಿಯಾ ಪತ್ರಿಕೆ ಇವನನ್ನು ಅಮೆರಿಕದ ಗೂಢಚಾರ ಅಂತ ಬರೆಯಿತು. ಹತ್ತು ಹನ್ನೊಂದು ದಿನದಲ್ಲೇ ಬಂಧನ. ದೇಶದ್ರೋಹದ ಆರೋಪ, ಮರಣದಂಡನೆಯೂ ಆಗಬಹುದಿತ್ತು. ಅಮೆರಿಕದ ಅಧ್ಯಕ್ಷ ಕಾರ್ಟರ್ ಬಹಿರಂಗವಾಗಿ ಇದನ್ನು ಅಲ್ಲಗಳೆದರು. ಬೇಹುಗಾರಿಕೆಯ ಆರೋಪಕ್ಕೆ ಅಧ್ಯಕ್ಷರೇ ಬಾಯಿಬಿಟ್ಟು ಇಲ್ಲ ಅನ್ನುವುದು ಅಪರೂಪ. 1978ರ ಜುಲೈನಲ್ಲಿ ವಿಚಾರಣೆ. ತಾಯಿಯನ್ನು ಕೋರ್ಟಿನ ಒಳಗೆ ಬಿಡಲಿಲ್ಲ, ಹೊರಗೆ ಬೀದಿಯಲ್ಲಿ ನಿಂತಿದ್ದರು. ಸಖರೊವ್ ಕೂಡ ಅಲ್ಲೇ. ಅಣ್ಣ ಲಿಯೊನಿದ್‌ನನ್ನು ಮಾತ್ರ ಒಳಗೆ ಬಿಟ್ಟರು. ತಮ್ಮನ ಕೊನೆಯ ಹೇಳಿಕೆಯನ್ನು ಅವನು ಹೊರಬಂದು ಪತ್ರಕರ್ತರಿಗೆ ಒಪ್ಪಿಸಿದ. ನನ್ನ ಹೆಂಡತಿಗೆ, ನನ್ನ ಜನರಿಗೆ ಹೇಳುತ್ತೇನೆ, ಮುಂದಿನ ವರ್ಷ ಜೆರುಸಲೇಮಿನಲ್ಲಿ. ಈ ನ್ಯಾಯಾಲಯಕ್ಕೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಇದು ಅದರ ಸಾರ. ಶಿಕ್ಷೆ 13 ವರ್ಷ.

ಅವನ ಹತ್ತಿರ ಅವಿತಾಲ್ ಕಳಿಸಿದ್ದ ಅಂಗೈಯಗಲದ ಕೀರ್ತನೆಗಳ ಪುಸ್ತಕ ಇತ್ತು. ಅದನ್ನು ಮತ್ತೆ ಮತ್ತೆ ಕಿತ್ತುಕೊಂಡರು. ಇವನು ಅದಕ್ಕಾಗಿ ಪಟ್ಟು ಹಿಡಿದು ಕೂರುವುದು, ಅವರು ಶಿಕ್ಷಾ ಕೋಣೆಗೆ ಹಾಕುವುದು. ಒಟ್ಟು 405 ದಿನ ಆ ತಣ್ಣನೆಯ ಕೋಣೆಯಲ್ಲಿ ಕಳೆದ. ಅಲ್ಲಿ ತಲೆಯಲ್ಲೇ ಚೆಸ್ ಆಡುತ್ತಿದ್ದ, ಎರಡೂ ಕಡೆಯಿಂದ. 1982ರಲ್ಲಿ ಕಾಗದಗಳನ್ನು ಪೂರ್ತಿ ತಡೆದಾಗ 110 ದಿನ ಉಪವಾಸ ಕೂತ. ಬಲವಂತವಾಗಿ ಆಹಾರ ತುರುಕಿದರು. ಇತ್ತ ಅವಿತಾಲ್ ಊರೂರು ಸುತ್ತುತ್ತಿದ್ದಳು. ಮೂಲತಃ ಮೈಕ್ ಮುಂದೆ ನಿಲ್ಲುವ ಸ್ವಭಾವದವಳಲ್ಲ. ಪ್ರಧಾನಿಗಳು, ಅಧ್ಯಕ್ಷರು ಸಿಕ್ಕಿದಲ್ಲೆಲ್ಲ ಒಂದೇ ಹೆಸರು.

1986ರ ಫೆಬ್ರವರಿ 11. ಪೂರ್ವ ಜರ್ಮನಿಯ ಪಾಟ್ಸ್‌ಡ್ಯಾಮ್‌ಗೂ ಪಶ್ಚಿಮ ಬರ್ಲಿನ್‌ಗೂ ನಡುವಿನ ಗ್ಲೀನಿಕೆ ಸೇತುವೆ. ಗೂಢಚಾರರ ವಿನಿಮಯ ನಡೆಯುತ್ತಿದ್ದ ಜಾಗ. ಇವನು ಗೂಢಚಾರನಲ್ಲ ಎಂದು ತೋರಿಸಲು ಉಳಿದವರಿಗಿಂತ ಮುಂಚೆ ಇವನೊಬ್ಬನನ್ನೇ ದಾಟಿಸಿದರು. ಅದಕ್ಕೂ ಮುಂಚೆ ಮಾಸ್ಕೋದಲ್ಲಿ ವಿಮಾನ ಹತ್ತಿಸುವಾಗ ಪುಸ್ತಕ ವಾಪಸು ಕೊಟ್ಟಿರಲಿಲ್ಲ. ಇವನು ಹಿಮದ ಮೇಲೆ ಮಲಗಿಬಿಟ್ಟ. ಬಿಡುಗಡೆಗೆ ಒಯ್ಯುತ್ತಿರುವ ಕೈದಿ ಪುಸ್ತಕಕ್ಕಾಗಿ ರಚ್ಚೆ ಹಿಡಿದಿದ್ದಾನೆ, ಕ್ಯಾಮೆರಾಗಳಿವೆ. ಕೊಟ್ಟರು. ಪೂರ್ವ ಜರ್ಮನಿಯಲ್ಲಿ ಇಳಿದಾಗ ಆ ಕಾರಿನ ತನಕ ನೇರವಾಗಿ ನಡೆ ಅಂದರು. ಇವನು ಅಡ್ಡಾದಿಡ್ಡಿ, ಸೊಟ್ಟಸೊಟ್ಟವಾಗಿ ನಡೆದ. ಸೇತುವೆಯಲ್ಲಿ ಗಡಿಯ ಗೆರೆ ದಾಟುವಾಗ ಪ್ಯಾಂಟಿಗೆ ಕಟ್ಟಿಕೊಂಡಿದ್ದ ದಾರ ಕಿತ್ತುಹೋಗಿ, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ಸ್ವತಂತ್ರನಾದ. ಇದನ್ನು ಅವನೇ ನಗುತ್ತಾ ಹೇಳಿಕೊಂಡಿದ್ದಾನೆ.

ಅಮೆರಿಕದ ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. 1972ರ ಆಗಸ್ಟ್‌ನಲ್ಲಿ ಸೋವಿಯತ್ ಸರ್ಕಾರ, ಓದಿಸಿದ ಖರ್ಚು ಕಟ್ಟಿ ಹೋಗಿ ಅಂತ ಪದವೀಧರರ ಮೇಲೆ ಭಾರಿ ತೆರಿಗೆ ಹಾಕಿತು. ಹಲವು ವರ್ಷದ ಸಂಬಳಕ್ಕೆ ಸಮ. ಅದಕ್ಕೆ ಉತ್ತರವಾಗಿ ಸೆನೆಟರ್ ಜಾಕ್ಸನ್ ಮತ್ತು ಕಾಂಗ್ರೆಸ್ ಸದಸ್ಯ ವ್ಯಾನಿಕ್, ಜನರನ್ನು ಹೊರಗೆ ಬಿಡದ ದೇಶಕ್ಕೆ ವ್ಯಾಪಾರದ ರಿಯಾಯಿತಿ ಇಲ್ಲ ಎಂಬ ತಿದ್ದುಪಡಿ ತಂದರು. ತೆರಿಗೆಯನ್ನು 1973ರಲ್ಲೇ ಕೈಬಿಟ್ಟರು. 1975ರ ಜನವರಿಯಲ್ಲಿ ತಿದ್ದುಪಡಿ ಕಾನೂನಾಯಿತು, ಮಾಸ್ಕೋ ಸಿಟ್ಟಿನಿಂದ ವ್ಯಾಪಾರ ಒಪ್ಪಂದವನ್ನೇ ಬಿಟ್ಟಿತು, ಹೊರಹೋಗುವವರ ಸಂಖ್ಯೆ ಇಳಿಯಿತು. 1979ರಲ್ಲಿ ಮತ್ತೆ ಏರಿ 51,000 ಮುಟ್ಟಿತು. ಅಫ್ಘಾನಿಸ್ತಾನದ ಯುದ್ಧ ಶುರುವಾದ ನಂತರ ಪೂರ್ತಿ ಕುಸಿದು 1984ರಲ್ಲಿ ಸಾವಿರವೂ ಇಲ್ಲ. ಕಾನೂನು ಸಹಾಯ ಮಾಡಿತೋ ಕೆಡಿಸಿತೋ ಅನ್ನುವ ವಾದ ಇವತ್ತಿಗೂ ಇದೆ. ಸಖರೊವ್ ಅದನ್ನು ಬೆಂಬಲಿಸಿದ್ದರು, ಅಮೆರಿಕದ ಆಗಿನ ವಿದೇಶಾಂಗ ಮಂತ್ರಿ ಕಿಸಿಂಜರ್ ವಿರೋಧಿಸಿದ್ದರು. ನನಗೆ ಸಖರೊವ್ ಸರಿ ಅನ್ನಿಸುತ್ತದೆ, ಆದರೆ ಅಂಕಿಗಳು ಯಾರ ಪರವಾಗಿಯೂ ಖಡಾಖಂಡಿತವಾಗಿ ನಿಲ್ಲುವುದಿಲ್ಲ.

ಕಾನೂನು ಓದುವವರು ನೀವು, ಒಂದು ವಿಷಯ ಹೇಳಲೇಬೇಕು. ಅಲ್ಲಿ ಇದು ನಡೆಯುತ್ತಿದ್ದ ಕಾಲಕ್ಕೇ ನಮ್ಮಲ್ಲೂ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಇಷ್ಟ ಅಂತಲೇ ಇತ್ತು. ವಿದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗವೇ ಅನ್ನುವ ಪ್ರಶ್ನೆ ಬಂದಾಗ ಹೌದು ಅಂದ ಹೈಕೋರ್ಟುಗಳಲ್ಲಿ ಆಗಿನ ಮೈಸೂರು ಹೈಕೋರ್ಟೂ ಒಂದು. ದೆಹಲಿಯದು ಬೇರೆ ಅಭಿಪ್ರಾಯ. 1967ರ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮೈಸೂರು, ಮುಂಬೈ, ಕೇರಳದ ದಾರಿಯನ್ನೇ ಹಿಡಿಯಿತು. ಅದೂ ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಆಮೇಲೆಯೇ ಪಾಸ್‌ಪೋರ್ಟ್ ಕಾಯ್ದೆ ಬಂದದ್ದು. ಒಬ್ಬ ನ್ಯಾಯಮೂರ್ತಿ ಆ ಕಡೆ ವಾಲಿದ್ದರೆ ಕಥೆ ಬೇರೆಯಾಗುತ್ತಿತ್ತು. ಭಾರತದ ಯಹೂದಿಗಳು, ಮುಂಬೈ ಕಡೆಯ ಬೆನೆ ಇಸ್ರೇಲಿಗಳು, ಕೊಚ್ಚಿಯವರು, ಬೇಕಾದವರು ಇಸ್ರೇಲಿಗೆ ಹೋದರು, ಬೇಡವಾದವರು ಉಳಿದರು. ಹೋದವರನ್ನು ನಾವು ದ್ರೋಹಿಗಳು ಅನ್ನಲಿಲ್ಲ.

ಕೊನೆಯ ಹಂತ ಸೋವಿಯತ್ ನಾಯಕ ಗೊರ್ಬಚೆವ್ ಕಾಲದ್ದು. 1987ರ ಫೆಬ್ರವರಿಯಲ್ಲಿ ಹೀಬ್ರೂ ಮೇಷ್ಟ್ರು ಯೋಸಿಫ್ ಬೆಗುನ್ ಬಿಡುಗಡೆಗಾಗಿ ಮಾಸ್ಕೋದ ಅರ್ಬಾತ್ ಬೀದಿಯಲ್ಲಿ ಪ್ರತಿಭಟನೆ ನಡೆದಾಗ ಪೊಲೀಸರು ಹೊಡೆದರು, ಆದರೂ ಅದೇ ತಿಂಗಳು ಅವನನ್ನು ಬಿಟ್ಟರು. ಡಿಸೆಂಬರ್ 6ರಂದು, ಗೊರ್ಬಚೆವ್ ವಾಷಿಂಗ್ಟನ್‌ಗೆ ಬರುವ ಹೊತ್ತಿಗೆ, ಅಲ್ಲಿ ಸೋವಿಯತ್ ಯಹೂದಿಗಳ ಪರವಾಗಿ ಸುಮಾರು ಎರಡೂವರೆ ಲಕ್ಷ ಜನ ಸೇರಿದರು. 1989ರಲ್ಲಿ ಎಪ್ಪತ್ತು ಸಾವಿರ ಜನ ಹೊರಟರು, 1990ರಲ್ಲಿ ಅದರ ಎರಡರಷ್ಟಕ್ಕಿಂತ ಜಾಸ್ತಿ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಕೇಳಿದ: ಸಾರ್, ಇವರೆಲ್ಲ ಇಸ್ರೇಲಿಗೆ ಹೋದರು, ಹಾಗಾದರೆ ಪ್ಯಾಲೆಸ್ಟೈನಿನವರ ಗತಿ? ನ್ಯಾಯವಾದ ಪ್ರಶ್ನೆ. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 13ನೇ ವಿಧಿಯ ಎರಡನೆಯ ಭಾಗ ಒಂದೇ ವಾಕ್ಯ. ತನ್ನ ದೇಶವೂ ಸೇರಿದಂತೆ ಯಾವ ದೇಶವನ್ನಾದರೂ ಬಿಡುವ, ಮತ್ತು ತನ್ನ ದೇಶಕ್ಕೆ ಮರಳುವ ಹಕ್ಕು ಎಲ್ಲರಿಗೂ ಇದೆ. ಸೋವಿಯತ್ ಯಹೂದಿಗಳು ಮೊದಲರ್ಧ ತೋರಿಸಿದರು. ಪ್ಯಾಲೆಸ್ಟೈನ್ ನಿರಾಶ್ರಿತರು ಎರಡನೆಯ ಅರ್ಧ ತೋರಿಸುತ್ತಾರೆ. ಶರಾನ್‌ಸ್ಕಿ ಮುಂದೆ ಇಸ್ರೇಲಿನಲ್ಲಿ ಮಂತ್ರಿಯಾದ, ಈ ಎರಡನೆಯ ಅರ್ಧದ ವಿಷಯದಲ್ಲಿ ಅವನ ರಾಜಕೀಯ ನನಗೆ ಒಪ್ಪಿಗೆಯಿಲ್ಲ. ಶಿಕ್ಷಾ ಕೋಣೆಯ 405 ದಿನಗಳನ್ನು ಅದಕ್ಕಾಗಿ ನಾನು ಕಡಿಮೆ ಮಾಡಿ ಹೇಳಲಾರೆ.

ಒಬ್ಬ ವಿದ್ಯಾರ್ಥಿನಿ, ಆ ವಿಮಾನದವರು ಏನಾದರು ಅಂತ ಕೇಳಿದಳು. ಸಿಲ್ವಾಳನ್ನು 1974ರಲ್ಲಿ ಬಿಟ್ಟರು. ಕುಜ್ನೆಟ್ಸೊವ್, ದಿಮ್‌ಶಿಟ್ಸ್ ಇಬ್ಬರನ್ನೂ 1979ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ವಿಮಾನ ನಿಲ್ದಾಣದಲ್ಲಿ ಇಬ್ಬರು ಸೋವಿಯತ್ ಗೂಢಚಾರರಿಗೆ ಬದಲಾಗಿ ಕೊಟ್ಟರು. ಮೆಂಡೆಲೆವಿಚ್ 1981ರಲ್ಲಿ ಹೊರಬಂದ. ಆದರೆ ಆ ಗುಂಪಿನಲ್ಲಿ ಯಹೂದಿಗಳಲ್ಲದ ಇಬ್ಬರಿದ್ದರು, ಯೂರಿ ಫ್ಯೊದೊರೊವ್ ಮತ್ತು ಅಲೆಕ್ಸೆಯ್ ಮುರ್ಜೆಂಕೊ. ಗೆಳೆಯರ ಜೊತೆ ದೇಶ ಬಿಡಲು ಹೊರಟವರು. ಅವರಿಗೆ ಇಸ್ರೇಲಿನಿಂದ ಆಹ್ವಾನ ಪತ್ರ ಬರುವಂತಿರಲಿಲ್ಲ. ಅವರ ಪರವಾಗಿ ಮಾತಾಡಿದವರು ಇರಲಿಲ್ಲ ಅಂತಲ್ಲ, ಆದರೆ ಯಹೂದಿ ಕೈದಿಗಳಿಗೆ ಸಿಕ್ಕಷ್ಟು ದೊಡ್ಡ ದನಿ ಅವರಿಗೆ ಸಿಗಲಿಲ್ಲ. ಇಡೀ ಗುಂಪಿನಲ್ಲಿ ಅತಿ ಹೆಚ್ಚು ಕಾಲ ಒಳಗಿದ್ದವರು ಅವರಿಬ್ಬರೇ. ಫ್ಯೊದೊರೊವ್ ಹದಿನೈದು ವರ್ಷವನ್ನೂ ಪೂರ್ತಿ ಕಳೆದು 1985ರಲ್ಲಿ ಹೊರಬಂದ.